ಹದಿನೇಳನೆಯ ದಿನದ ತಾಲೀಮು

ನಾಟಕಕ್ಕೆ ಇನ್ನೆರಡೇ ಗಂಟೆ ಇರುವಾಗ, ಧ್ವನಿ ನೋಡಿಕೊಳ್ಳುವವಳ ಕಂಪ್ಯೂಟರ್ "ಜಾಗ ಸಾಲದು" ಎಂದು ಹಟ ಹಿಡಿದು ಕೂತಿತು. ಬಾಗಿಲು ಬಡಿಯುವ ಸದ್ದು, ಪಾತ್ರೆ ಉರುಳುವ ಸದ್ದು, ಎಲ್ಲ ಅದರ ಹೊಟ್ಟೆಯಲ್ಲೇ ಇತ್ತು.

"ಮೊದಲನೇ ದಿನದ ತಾಲೀಮಿನ ರೆಕಾರ್ಡಿಂಗೆಲ್ಲ ಅಳಿಸಿಹಾಕು" ಎಂದರು ನಿರ್ದೇಶಕರು. "ಅವತ್ತು ಒಬ್ಬರಿಗೂ ಮಾತು ಬಾಯಿಗೆ ಬಂದಿರಲಿಲ್ಲ."

ಯಾವ ಹೆಸರಿನ ಕಡತ ಅಳಿಸಬೇಕೆಂದು ಕಂಪ್ಯೂಟರಿಗೆ ಹೇಳುವ ಎರಡು ಸಾಲಿನ ಸ್ಕ್ರಿಪ್ಟ್ ಬರೆದಳು ಅವಳು. "ತಾಲೀಮು1", ಅದರ ಮುಂದೊಂದು ನಕ್ಷತ್ರ ಚಿಹ್ನೆ. ನಕ್ಷತ್ರವೆಂದರೆ, ಅಲ್ಲಿಂದ ಮುಂದೆ ಹೆಸರಿನಲ್ಲಿ ಏನಿದ್ದರೂ ಸರಿ ಎಂದು. ಆದರೆ ಅಳಿಸು ಎನ್ನುವ ಕಡೆ, ಸದ್ಯಕ್ಕೆ ಹೆಸರು ಮಾತ್ರ ತೋರಿಸು ಎಂದು ಹಾಕಿದಳು.

"ಇನ್ನೂ ಏನು ತಡ?"

"ಪರೀಕ್ಷೆ ಸಾರ್. ಅಳಿಸಿದ ಮೇಲೆ ಅತ್ತು ಕರೆದರೂ ವಾಪಸ್ ಬರಲ್ಲ."

ನಿರ್ದೇಶಕರು ಮುಖ ಗಂಟಿಕ್ಕಿಕೊಂಡು ದೀಪದವರನ್ನು ಬಯ್ಯಲು ಹೋದರು. ನಗೆನಾಟಕ ಆಡಿಸುತ್ತಿದ್ದ ಆ ಮನುಷ್ಯ ನಲವತ್ತು ದಿನದ ತಾಲೀಮಿನಲ್ಲಿ ಒಂದು ಸಲವೂ ನಕ್ಕಿರಲಿಲ್ಲ. ಅಡುಗೆಯವಳ ಪಾತ್ರ ಮಾಡುತ್ತಿದ್ದ, ಧ್ವನಿಯವಳ ಅಕ್ಕನಂತೂ ಅರ್ಧ ಬಣ್ಣ ಹಚ್ಚಿಕೊಂಡು, ಧ್ವನಿ ಕ್ಯಾಬಿನ್ನಿನ ಮೂಲೆಯಲ್ಲಿ ಕುಗ್ಗಿ ಕೂತಿದ್ದಳು.

"ನಕ್ಕರೆ ಮುತ್ತು ಉದುರುತ್ತಾ ಅವರಿಗೆ? ನನ್ನ ಪಾತ್ರ ನೋಡಿ ಇವತ್ತು ಒಬ್ಬರೂ ನಗಲ್ಲ ಕಣೇ. ನಾನು ವೇದಿಕೆಗೆ ಹೋಗಲ್ಲ."

ತಂಗಿಯ ಕಣ್ಣು ಪರದೆಯ ಮೇಲಿತ್ತು. ಮೂರು ಹೆಸರು ಬರಬೇಕಾದಲ್ಲಿ ಮೂವತ್ತು ಬಂದಿದ್ದವು! ಒಂದರ ಮುಂದೆ ಏನಿದ್ದರೂ ಸರಿ ಎಂದಮೇಲೆ ಹತ್ತು, ಹನ್ನೊಂದರಿಂದ ಹಿಡಿದು ಹತ್ತೊಂಬತ್ತನೆಯವರೆಗಿನ ದಿನಗಳೆಲ್ಲ ಸಾಲಾಗಿ ಬಂದು ನಿಂತಿದ್ದವು. ಪರೀಕ್ಷಿಸದಿದ್ದರೆ ಹತ್ತು ದಿನದ ಕೆಲಸ ಗುಳುಂ ಆಗುತ್ತಿತ್ತು. ಅವುಗಳ ನಡುವೆ ಒಂದು ಹೆಸರು ವಿಚಿತ್ರವಾಗಿ ಕಂಡಿತು: "ತಾಲೀಮು17-ಮಧ್ಯಾಹ್ನ". ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿರುತ್ತಿದ್ದರಲ್ಲ? ಮೈಕು ನಿಲ್ಲಿಸಲು ಮರೆತಿರಬೇಕು. ಅವಳು ಅದನ್ನು ಹಾಕಿದಳು.

ಖಾಲಿ ಸಭಾಂಗಣದಲ್ಲಿ ಒಬ್ಬರೇ ನಡೆದಾಡುವ ಹೆಜ್ಜೆ. ಆಮೇಲೆ ಅಡುಗೆಯವಳ ಮಾತನ್ನೇ, ಅಕ್ಕ ಹೇಳುವ ರಾಗದಲ್ಲೇ, ಗಂಡಸೊಬ್ಬ ಹೇಳಿಕೊಂಡ. ಹೇಳಿ ಮುಗಿಸುವಷ್ಟರಲ್ಲಿ ಕಿಸಕ್ಕೆಂದ. ಮತ್ತೆ ಹೇಳಿದ. ಈ ಸಲ ನಗು ಒತ್ತರಿಸಿ ಬಂದು, ಕೆಮ್ಮಿ, ಕುರ್ಚಿ ಕೆಡವಿ, "ಅಯ್ಯೋ, ಕೊಂದೇಬಿಟ್ಟಳು ಮಾರಾಯ್ತಿ!" ಎಂದು ಏದುಸಿರು ಬಿಟ್ಟ.

"ನಿರ್ದೇಶಕರು!" ಅಕ್ಕ ಎದ್ದೇ ನಿಂತಳು. "ಇನ್ನೊಂದ್ಸಲ ಹಾಕೇ."

ಮೂರನೆಯ ಸಲ ಹಾಕುವಷ್ಟರಲ್ಲಿ ನಟರೆಲ್ಲ ಕ್ಯಾಬಿನ್ನಿನೊಳಗೆ ನುಗ್ಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಗಿಲಲ್ಲಿ ನಿರ್ದೇಶಕರು ಕಾಣಿಸಿಕೊಂಡದ್ದೇ ತಡ, ಎಲ್ಲ ಗಪ್‌ಚಿಪ್. ನಿರ್ದೇಶಕರ ನಗು ಮಾತ್ರ ಸ್ಪೀಕರಿನಲ್ಲಿ ಮುಂದುವರಿದಿತ್ತು.

ಅವರ ಕಿವಿ ಕೆಂಪಾಯಿತು. "ನಿಮ್ಮೆದುರು ನಕ್ಕಿದ್ರೆ ಪಾತ್ರ ಮರೆತು ನನ್ನನ್ನ ನಗಿಸೋಕೆ ಆಡ್ತಿದ್ರಿ. ಅದಕ್ಕೇ ತಡೆದುಕೊಂಡಿದ್ದೆ."

ತಂಗಿ ಸ್ಕ್ರಿಪ್ಟಿನಲ್ಲಿ ಒಂದರ ಮುಂದೆ, ಕಡತದ ಹೆಸರುಗಳಲ್ಲಿ ದಿನದ ಸಂಖ್ಯೆಯ ನಂತರ ಇರುವಂಥ ಅಡ್ಡಗೆರೆಯೊಂದನ್ನು ಸೇರಿಸಿದಳು. ಈಗ ಮೂರೇ ಹೆಸರು ಬಂದವು. ಧೈರ್ಯವಾಗಿ ಅಳಿಸಿದಳು.

ನಿರ್ದೇಶಕರು ಹೋಗುತ್ತಾ ಅಕ್ಕನ ಕಡೆ ತಿರುಗಿದರು. "ನಾನು ಎಲ್ಲೆಲ್ಲಿ ನಕ್ಕಿದೀನಿ, ಗುರುತು ಹಾಕ್ಕೋ. ಅಲ್ಲೆಲ್ಲ ಮುಂದಿನ ಮಾತಿಗೆ ಅವಸರ ಮಾಡಬೇಡಮ್ಮ, ನಿಂತುಕೋ. ಜನಕ್ಕೆ ಉಸಿರು ತಗೊಳ್ಳೋಕೆ ಬಿಡು."