ನಾಲಿಗೆಯ ನೌಕರಿ

ಅಮ್ಮನ ರಾಜೀನಾಮೆ ಪತ್ರವನ್ನು ಕೈಚೀಲದಲ್ಲಿಟ್ಟುಕೊಂಡೇ ಮಗಳು ಬೆಣ್ಣೆ ಕಾರ್ಖಾನೆಯ ಪರೀಕ್ಷಾ ಕೊಠಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತಳು. ಪತ್ರ ಬರೆದವಳೂ ಅವಳೇ. ಅಮ್ಮನ ಸಹಿಯೊಂದು ಬಾಕಿ.

ಅಮ್ಮನಿಗೆ ಅರವತ್ತಾರು. ಬೆಣ್ಣೆಯ ರುಚಿ ನೋಡಿ ದರ್ಜೆ ಹೇಳುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಅವಳು ಹೂಂ ಅನ್ನದೆ ಒಂದು ಡಬ್ಬವೂ ಗೇಟು ದಾಟಿದ್ದಿಲ್ಲ. ಮೂರು ತಿಂಗಳ ಹಿಂದೆ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತುಬಿಟ್ಟಳು. ಬೆಣ್ಣೆ, ಎಣ್ಣೆ ಕಮ್ಮಿ ಮಾಡಿ, ದಿನಾ ನಡೆಯಿರಿ ಎಂದರು ಡಾಕ್ಟರು. ಕಮ್ಮಿ ಮಾಡಿ ಎಂದದ್ದನ್ನು ಮಗಳು ಬಂದ್ ಮಾಡಿಯೇ ತೋರಿಸಿದಳು. ಬಾಣಲೆ ಅಟ್ಟ ಸೇರಿತು. ಬೇಯಿಸಿದ ತರಕಾರಿ, ಒಣ ಬ್ರೆಡ್ಡು. ಅಮ್ಮನಿಗಿಲ್ಲದ್ದು ನನಗೂ ಬೇಡವೆಂದು ತನ್ನ ತಟ್ಟೆಗೂ ಅದನ್ನೇ ಬಡಿಸಿಕೊಂಡಳು. ಅಮ್ಮ ಒಂದು ದಿನವೂ ಮೂಗು ಮುರಿಯಲಿಲ್ಲ. ಕೆಲಸ ಬಿಡು ಅಂದಾಗ ಮಾತ್ರ ಪಟ್ಟು ಹಿಡಿದಳು. ನಾನು ನುಂಗುವುದೇ ಇಲ್ಲ, ಉಗುಳುತ್ತೇನೆ, ನಂಬಿಕೆ ಇಲ್ಲದಿದ್ದರೆ ಬಂದು ನೋಡು ಅಂದಳು. ಒಂದೇ ಒಂದು ಚೂರು ಗಂಟಲಿಗಿಳಿದರೂ ಸಹಿ ಹಾಕಬೇಕೆಂದು ಮಾತಾಯಿತು.

ಈಗ ಮಗಳು ಅಮ್ಮನ ಗಂಟಲ ಮೇಲೆ ಹದ್ದಿನ ಕಣ್ಣಿಟ್ಟಳು. ಅಮ್ಮ ಉಕ್ಕಿನ ಕೊಳವೆಯನ್ನು ಬೆಣ್ಣೆಗೆ ಚುಚ್ಚಿ ತೆಗೆಯುವಳು, ಮೂಸುವಳು, ಕಡಲೆಯಷ್ಟನ್ನು ನಾಲಿಗೆಗಿಟ್ಟು ಅಂಗುಳಕ್ಕೆ ಒತ್ತಿ ಕಣ್ಣು ಮುಚ್ಚುವಳು. ಆಮೇಲೆ ಬೋಗುಣಿಗೆ ಉಗಿದು ಬಿಸಿನೀರು ಮುಕ್ಕಳಿಸುವಳು. ಈ ಹಸುಗಳು ಯಾರದೋ ಈರುಳ್ಳಿ ಹೊಲಕ್ಕೆ ನುಗ್ಗಿವೆ ಎಂದು ಐದನೆಯ ಡಬ್ಬವನ್ನು ಪಕ್ಕಕ್ಕೆ ತಳ್ಳಿದಳು. ಹದಿಮೂರು ಮುಗಿದವು. ಒಂದು ಚೂರೂ ಒಳಗಿಳಿಯಲಿಲ್ಲ. ಮಗಳಿಗೆ ಸಮಾಧಾನವಾಯಿತು, ಸೋತೆನಲ್ಲ ಎಂದು ಸಿಟ್ಟೂ ಬಂತು.

"ನಿನಗೇನಾದರೂ ಆದರೆ ಅಂತ ಭಯ ಕಣಮ್ಮ ನನಗೆ."

"ಗೊತ್ತು. ಅದಕ್ಕೇ ನೀನು ಹಾಕಿದ್ದನ್ನೆಲ್ಲ ತೆಪ್ಪಗೆ ತಿಂತಾ ಇದ್ದೀನಿ. ಈ ಕೆಲಸ ಒಂದನ್ನ ನನ್ನ ಪಾಲಿಗೆ ಬಿಟ್ಟುಬಿಡು."

ಹದಿನಾಲ್ಕನೆಯದನ್ನು ಉಗಿದ ಮೇಲೆ ಅಮ್ಮ ಕೊಳವೆಯನ್ನು ಮತ್ತೊಮ್ಮೆ ಮೂಸಿದಳು. ಈ ವರ್ಷವೆಲ್ಲ ಇಂಥ ಬೆಣ್ಣೆ ಬಂದಿರಲಿಲ್ಲ. ಬೇರೊಂದು ಚಮಚದಲ್ಲಿ ಚೂರು ತೆಗೆದು ಮಗಳತ್ತ ಚಾಚಿದಳು.

"ನೀನೂ ನೋಡು. ಹತ್ತು ಎಣಿಸಿ ಉಗಿದುಬಿಡು, ಅಷ್ಟೇ."

ಮಗಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಅಮ್ಮ ಬೋಗುಣಿಯನ್ನು ಅವಳ ಗದ್ದದ ಕೆಳಗೆ ಹಿಡಿದು ನಿಂತಳು. ಹತ್ತಾಯಿತು, ಇಪ್ಪತ್ತಾಯಿತು. ಬೋಗುಣಿಗೆ ಏನೂ ಬೀಳಲಿಲ್ಲ.

"ಎಲ್ಲಿ?" ಅಂದಳು ಅಮ್ಮ.

ಮಗಳು ಕಣ್ಣು ಬಿಡದೆಯೇ ಕೈಚೀಲದಿಂದ ರಾಜೀನಾಮೆ ಪತ್ರವನ್ನು ತೆಗೆದು, ನೀಟಾಗಿ ನಾಲ್ಕು ಮಡಿಕೆ ಮಾಡಿ, ಅದರಿಂದಲೇ ತುಟಿ ಒರೆಸಿಕೊಂಡಳು.