ಕೈ ಮಾಡಿದ್ದಲ್ಲ

ಅಕ್ಕಮ್ಮ ಬಲಗೈ ಚಾಚಿದಳು. ಹಿಂದೆ ಬರುತ್ತಿದ್ದ ಪ್ಯಾಸೆಂಜರ್ ಟೆಂಪೋ ಅವಳನ್ನು ದಾಟಿ, ಎಡಕ್ಕೆ ಹೊರಳಿ, ಸೈಕಲ್ಲಿನ ಮೂತಿಗೆ ಅಡ್ಡವಾಗಿ ನಿಂತಿತು. ಬಾಗಿಲು ತೆರೆದುಕೊಂಡಿತು. ಅವಳು ಎರಡೂ ಬ್ರೇಕು ಹಿಡಿದು ಒಂದು ಕಾಲನ್ನು ಡಾಂಬರಿಗೆ ಊರಿದಳು. ಕ್ಯಾರಿಯರಿಗೆ ಕಟ್ಟಿದ್ದ ಇಶಾಡ ಮಾವಿನಹಣ್ಣಿನ ಬುಟ್ಟಿ ವಾಲಿತು. ಎರಡು ಹಣ್ಣು ಉರುಳಿ ಟೆಂಪೋದ ಅಡಿಗೆ ಹೋದವು.

"ಹತ್ತು, ಹತ್ತು! ಸೈಕಲ್ ಟಾಪ್ ಮೇಲೆ ಹಾಕ್ವ," ಎಂದ ಚಾಲಕ ಸೂರಜ್, ಕಿಟಕಿಯಿಂದ ತಲೆ ಹೊರಹಾಕಿ.

"ನಾ ಎಂತಕ್ಕೆ ಹತ್ಲಿ?"

"ಹತ್ತೂದಿಲ್ಲ ಅಂದ್ರೆ ಕೈ ಎಂತಕ್ಕೆ ಮಾಡ್ದೆ ಮಾರಾಯ್ತಿ? ಈ ವಾರ ಇದು ಮೂರನೇ ಸಲ. ಕೈ ಮಾಡೂದು, ನಿಲ್ಸೂದು, ಮತ್ತೆ ನನ್ನ ಮೋರೆ ನೋಡೂದು!"

ಚಾಲಕನ ಪಕ್ಕದ ಸೀಟಿನಲ್ಲಿ ಕೂತಿದ್ದವನು ಅವಳ ಗಂಡ ಮಾಬ್ಲ. ಆ ಸೈಕಲ್ ಎಂಟನೇ ಇಯತ್ತೆಯಲ್ಲಿ ಮಗಳು ಯೋಗಿತಾಗೆ ಶಾಲೆಯಲ್ಲಿ ಕೊಟ್ಟದ್ದು. ಮಗಳು ಕಾಲೇಜಿಗೆಂದು ಕಾರವಾರಕ್ಕೆ ಹೋದಮೇಲೆ ತಾಯಿ ಅದರ ಮೇಲೆ ಕೂತಿದ್ದಳು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಮೊನ್ನೆ ಇದೇ ಜಾಗದಲ್ಲಿ, ಇದೇ ಟೆಂಪೋ ಅಡ್ಡ ಬಂದು, ಬುಟ್ಟಿ ಮಗುಚಿ ಅರ್ಧ ಹಣ್ಣು ಲಾರಿಯ ಗಾಲಿಗೆ ಸಿಕ್ಕಿತ್ತು. ಇವತ್ತೂ ಬುಟ್ಟಿ ಬಿದ್ದರೆ ಸಂಜೆಗೇ ಸೈಕಲ್ ಗುಜರಿಗೆ, ನೀನು ಮೊದಲಿನ ಹಾಗೆ ಬುಟ್ಟಿ ತಲೆಮೇಲಿಟ್ಟು ಅಂಕೋಲೆ ಪೇಟೆಗೆ ನಡೆ ಎಂದು ಮಾಬ್ಲ ಬೆಳಿಗ್ಗೆ ಹೇಳಿದ್ದ. ಹೇಳಿ, ತಾನು ಟೆಂಪೋ ಹತ್ತಿದ್ದ.

"ಬಿತ್ತಲ್ಲ," ಎಂದ ಈಗ.

"ಬುಟ್ಟಿ ಬೀಳ್ಲಿಲ್ಲ. ನಿಂತದೆ. ಕಣ್ಣು ಬಿಟ್ಟು ನೋಡು." ಅಕ್ಕಮ್ಮ ಸೂರಜನ ಕಡೆ ತಿರುಗಿದಳು. "ತಮಾ, ನಾ ನಿಂಗೆ ಕೈ ಮಾಡ್ಲಿಲ್ಲ."

"ಇಡೀ ಟೆಂಪೋ ನೋಡ್ಯದೆ! ಇನ್ನು ಹೊಡೂದೊಂದು ಬಾಕಿ. ಅದೂ ಕೈ ಮಾಡೂದೇ ಅಲ್ದಾ?"

ಒಳಗಿದ್ದವರು ನಕ್ಕರು. ಅಕ್ಕಮ್ಮ ನಗಲಿಲ್ಲ. ತೋಳನ್ನು ಮತ್ತೆ ಬಲಕ್ಕೆ, ಭುಜದ ಮಟ್ಟಕ್ಕೆ ಚಾಚಿದಳು. "ನಿಂಗೆ ಕೈ ಮಾಡೂದಾದ್ರೆ ಅಂಗೈ ಕೆಳಗೆ ಇರ್ತದೆ, ಬೆರಳು ಕುಣಿತದೆ. ಇದು ನೋಡು. ತೋಳು ಸಪಾಟು, ಅಂಗೈ ಮುಂದೆ. ಬಲಕ್ಕೆ ತಿರುಗ್ತೆ ಅಂತ. ನಿಯಮ ಇದು. ಶಾಲೆಲಿ ಯೋಗಿತಾಗೆ ಕಲ್ಸಿದ್ರು, ಅದು ನಂಗೆ ಕಲ್ಸ್ತು. ನಿನ್ನ ಹಳದಿ ದೀಪ ಮಿಣುಕಿದ್ರೆ ಹಿಂದಿನ ಲಾರಿಯವ ಬಂದು 'ಹತ್ತು' ಅಂತನಾ?"

"ಅವನ ಬಲದ ದೀಪ ಎಲ್ಲಿ ಮಿಣುಕ್ತದೆ?" ಎಂದಳು ಹಿಂದಿನ ಸೀಟಿನಿಂದ ಆಫೀಸಿಗೆ ಹೊರಟಿದ್ದ ಕಲಾವತಿ. "ಚವತಿ ಹಬ್ಬದಲ್ಲೇ ಸತ್ತದೆ!"

ಈ ಸಲ ನಗು ಬೇರೆ ಕಡೆ ಬಿತ್ತು. ಸೂರಜನ ಕಿವಿಗಳು ಕೆಂಪಾದವು.

"ತಪ್ಪು ನಂದೂ ಅದೆ," ಎಂದಳು ಅಕ್ಕಮ್ಮ. ಗೆದ್ದವಳ ದನಿಯಲ್ಲ, ಬುಟ್ಟಿ ಸರಿಪಡಿಸುವವಳ ದನಿ. "ಕೈ ಚಾಚೂಕೆ ಮೊದ್ಲು ಹಿಂದೆ ತಿರುಗಿ ನೋಡ್ಬೇಕಿತ್ತು. ಹಣ್ಣು ಬೀಳ್ತದೆ ಅಂತ ಹೆದ್ರಿ ನೋಡ್ಲಿಲ್ಲ. ಈಗ ನೋಡ್ತೆ. ಪೇಟೆ ತಿರುವು ಇನ್ನೂ ಮುಂದೆ ಅದೆ. ನೀ ಹಿಂದೆ ಬಾ, ದಾಟೂಕೆ ಬೇಡ."

ಮಾಬ್ಲ ಇಳಿದು ಬಂದ. ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದ. "ದೂಡ್ಕಂಡು ದಾಟು. ನಾ ಹಿಂದೆ ಹಿಡ್ಕಂತೆ."

"ದಿನಾ ಬತ್ಯ ಹಿಡೂಕೆ?"

ಮಾಬ್ಲ ಟೆಂಪೋದ ಕಡೆ ನೋಡಿದ.

"ಹಾಂಗಾದ್ರೆ ಬಿಡು."

ಬಿಡಲಿಲ್ಲ. ಅವಳು ಟೆಂಪೋದ ಬದಿಯಿಂದ ಪೆಡಲು ತುಳಿದಳು. ಮಾಬ್ಲ ನಾಲ್ಕು ಹೆಜ್ಜೆ ಓಡಿದ. ಐದನೆಯದಕ್ಕೆ ಬುಟ್ಟಿ ಅವನ ಬೆರಳುಗಳಿಂದ ತಾನೇ ಬಿಡಿಸಿಕೊಂಡು ಹೋಯಿತು. ಟೆಂಪೋ ಅವನನ್ನು ಹತ್ತಿಸಿಕೊಂಡು ಸೈಕಲ್ಲಿನ ಹಿಂದೆ, ಸೈಕಲ್ಲಿನ ವೇಗದಲ್ಲೇ ಹೊರಟಿತು.

ಅಕ್ಕಮ್ಮ ಹಿಂದೆ ತಿರುಗಿ ನೋಡಿದಳು. ಇಡೀ ಹೆದ್ದಾರಿ ಕಣ್ಣಿಗೆ ಬಿತ್ತು: ಟೆಂಪೋ, ಅದರ ಹಿಂದೆ ಅರ್ಗಾದ ಕಡೆಯಿಂದ ಬರುತ್ತಿದ್ದ ನೌಕಾನೆಲೆಯ ಬಸ್ಸು, ಅದರ ಹಿಂದೆ ಕಾರುಗಳು. ತೋಳು ಚಾಚಿದಳು. ಇಳಿಸಲಿಲ್ಲ. ಸೂರಜ್ ಒಂದು ಕ್ಷಣ ತಡೆದು, ತನ್ನ ಬಲಗೈಯನ್ನೂ ಕಿಟಕಿಯಿಂದ ಹೊರಹಾಕಿದ. ಸಪಾಟಾಗಿ, ಅಂಗೈ ಮುಂದೆ ಮಾಡಿ. ನೌಕಾನೆಲೆಯ ಬಸ್ಸು ನಿಧಾನಿಸಿತು. ಕಡಲು ಕಾಯುವವರು ಒಂದು ಬುಟ್ಟಿ ಮಾವಿನಹಣ್ಣಿಗಾಗಿ ಕಾದರು.

ಡಿವೈಡರಿನ ತೆರಪಿನಲ್ಲಿ ಅವಳು ನಿಂತಳು. ಕಾಲನ್ನು ಕೆಳಗೆ ಊರಲಿಲ್ಲ. ಡಿವೈಡರಿನ ಅಂಚುಗಲ್ಲಿನ ಮೇಲಿಟ್ಟಳು. ಕಾಲು ಅಷ್ಟು ಎತ್ತರದಲ್ಲಿದ್ದರೆ ಸೈಕಲ್ ವಾಲುವುದೇ ಇಲ್ಲ. ಇದನ್ನು ಯಾವ ಶಾಲೆಯೂ ಕಲಿಸಿರಲಿಲ್ಲ. ಎದುರಿನಿಂದ ಸಿಮೆಂಟಿನ ಲಾರಿ ಬರುತ್ತಿತ್ತು. ಅದಕ್ಕೆ ದಾರಿ ಬಿಟ್ಟಳು. ಒಬ್ಬ ಮುದುಕಿ ಕೋಲೂರಿಕೊಂಡು ರಸ್ತೆ ದಾಟುತ್ತಿದ್ದಳು. ಅವಳಿಗೂ ಬಿಟ್ಟಳು. ಆಮೇಲೆ ಹೆದ್ದಾರಿ ಖಾಲಿಯಾಯಿತು. ಅಕ್ಕಮ್ಮ ಕಲ್ಲನ್ನು ಒದ್ದು ತಿರುಗಿದಳು. ಒಂದು ಹಣ್ಣೂ ಬೀಳಲಿಲ್ಲ.

ಪೇಟೆಯ ದಾರಿ ಕಿರಿದು. ಅವಳು ಎಡ ಅಂಚು ಹಿಡಿದು, ಏರಿನಲ್ಲಿ ನೆಟ್ಟಗೆ ಕೂತು, ಆತುರವಿಲ್ಲದೆ ತುಳಿಯುತ್ತಿದ್ದಳು. ಟೆಂಪೋ ಹಿಂದೆ ತೆವಳುತ್ತಿತ್ತು.

"ಒಂದು ಹಾರ್ನ್ ಹೊಡಿಯಾ ಸೂರಜ್, ನಂಗೆ ಹೊತ್ತಾಯ್ತು!" ಎಂದಳು ಕಲಾವತಿ.

ಸೂರಜನ ಕೈ ಹಾರ್ನಿನ ಕಡೆ ಹೋಯಿತು. ಪಕ್ಕದಿಂದ ಮಾಬ್ಲ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹಾರ್ನ್ ಎಂತಕ್ಕೆ?" ಎಂದ. "ಮುಂದೆ ಗಾಡಿ ಅದೆ, ಕಾಣೂದಿಲ್ವಾ?"