ತಗ್ಗಿಸಿದ ಕಾರು

"ಕಾರು ತಗ್ಗಬೇಕು, ಅಷ್ಟೇ. ಕಮಾನು ಸ್ಪ್ರಿಂಗಿನ ಪಟ್ಟಿಗಳನ್ನ ಕಾಯಿಸಿ, ತಟ್ಟಿ, ಚಪ್ಪಟೆ ಮಾಡಿಬಿಡಪ್ಪ. ಸುಲಭದಲ್ಲಿ ಮುಗಿಯುತ್ತೆ" ಎಂದರು ಹಾಲಸ್ವಾಮಿ.

ಕಾರಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ ಖಾಜಾ ಪೀರ್ ತಲೆ ಹೊರಗೆ ಹಾಕಿದ. "ಬೆಂಕಿಗಿಟ್ರೆ ಕಮಾನಿನ ಹದ ಕೆಡುತ್ತೆ ಸಾಹುಕಾರ್ರೇ. ದಾರೀಲಿ ಮುರಿದ್ರೆ ಜೀವಕ್ಕೇ ಅಪಾಯ. ಒಂದೊಂದು ಕಮಾನಿಂದ ಎರಡೆರಡು ಪಟ್ಟಿ ಬಿಚ್ಚಿ ತೆಗೀತೀನಿ. ಖರ್ಚೂ ಇಲ್ಲ, ಗಾಡೀನೂ ಇಳಿಯುತ್ತೆ. ಆದ್ರೆ ನಾಲ್ಕು ಜನಕ್ಕಿಂತ ಒಬ್ರೂ ಹೆಚ್ಚು ಕೂರೋ ಹಾಗಿಲ್ಲ."

"ಕೂರೋರು ಯಾರಿದ್ದಾರೆ ಮಾರಾಯ? ನಾನು, ನಮ್ಮನೆಯವಳು. ಇಬ್ಬರೇ."

ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಾಲಸ್ವಾಮಿಗೆ ಆ ಕಾರು ಅಗ್ಗಕ್ಕೆ ಸಿಕ್ಕಿದ್ದು, ತನ್ನ ದೇಶಕ್ಕೆ ಹೊರಟ ಕಾಫಿ ತೋಟದ ದೊರೆಯೊಬ್ಬನಿಂದ. ಕಾಡುದಾರಿಯ ಗಾಡಿ, ಅಟ್ಟ ಹತ್ತಿದ ಹಾಗೆ ಹತ್ತಬೇಕು. ಹಾಲಸ್ವಾಮಿಯ ಅಣ್ಣ ಒಮ್ಮೆ ಹತ್ತಲು ಕಾಲೆತ್ತಿ ನೋಡಿ, ಆಗದೆ ಜಟಕಾ ಕರೆಸಿಕೊಂಡಿದ್ದರು. ಹೆಂಡತಿ ಸುವರ್ಣಮ್ಮನಿಗೆ ಮಂಡಿನೋವು. ಜಟಕಾ, ರೈಲು ಯಾವುದನ್ನೂ ಹತ್ತಲಾರರು. ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ಮಗಳು ಭವಾನಿಗೆ ಎರಡನೇ ಹೆರಿಗೆಯಾಗಿ ತಿಂಗಳು ಕಳೆದರೂ ಮೊಮ್ಮಗಳ ಮುಖವನ್ನು ಅಜ್ಜಿ ಕಂಡಿರಲಿಲ್ಲ. ಒಂದು ಸ್ಟೂಲು ಇಟ್ಟರೆ ಹೇಗೋ ಹತ್ತುತ್ತೇನೆ ಎಂದು ಆಕೆ ಹೇಳಿದ್ದುಂಟು. "ಬಜಾರಿನವರ ಎದುರಿಗೆ ಸ್ಟೂಲು ಇಟ್ಕೊಂಡು ಹತ್ತೋದಾ? ಮರ್ಯಾದೆ ಬೇಡ್ವಾ?" ಎಂದು ಗಂಡ ಬಾಯಿ ಮುಚ್ಚಿಸಿದ್ದರು.

ಕಾರು ತಗ್ಗಿತು. ಸುದ್ದಿಯೂ ಹಬ್ಬಿತು. ಹೊರಡುವ ದಿನ ಬೆಳಗ್ಗೆಯೇ ಅಣ್ಣ ಬಂದರು, ಹೆಂಡತಿಯ ಸಮೇತ. ಅವರ ಬೆನ್ನಿಗೇ ಹಾಲಸ್ವಾಮಿಯ ಭಾವನವರೂ ಬಂದರು. ಎಲ್ಲರಿಗೂ ಮಗು ನೋಡುವ ಆಸೆ. ಯಾರ ಕೈಯನ್ನೂ ಹಿಡಿಯದೆ ಒಬ್ಬೊಬ್ಬರಾಗಿ ಹತ್ತಿ ಕೂತರು.

"ಈಗ ಮನುಷ್ಯರು ಹತ್ತೋ ಹಾಗಾಯ್ತು ನೋಡು" ಎಂದು ಅಣ್ಣ ಹಿಂದಕ್ಕೆ ಒರಗಿದರು. ಹಾಲಸ್ವಾಮಿ ಸ್ಟೇರಿಂಗ್ ಹಿಡಿದು ಕೂತರು.

ಮನೆಯೊಡತಿ ಹತ್ತುವುದು ಯಾವಾಗಲೂ ಕೊನೆಗೇ. ಒಲೆ ಆರಿಸಿ, ದೇವರಿಗೆ ಕೈಮುಗಿದು, ಬಾಗಿಲಿಗೆ ಬೀಗ ಹಾಕಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿ ಹಿಡಿದು ಸುವರ್ಣಮ್ಮ ಬಂದರು. ಒಂದು ಕಾಲು ಮೇಲಿಟ್ಟರು. ಮಂಡಿ ನೋಯಲಿಲ್ಲ. ಎಷ್ಟು ಖುಷಿಯಾಯಿತೆಂದರೆ ಬೀದಿಯಲ್ಲಿದ್ದೇನೆ ಎಂಬುದನ್ನೂ ಮರೆತು ನಕ್ಕುಬಿಟ್ಟರು.

"ತಡೀರಿ!" ಕಾರು ತಂದುಕೊಟ್ಟು, ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡುತ್ತಿದ್ದ ಖಾಜಾ ಪೀರ್ ಕೂಗಿದ. "ಟೈರು ಮಡ್‌ಗಾರ್ಡಿಗೆ ತಾಗ್ತಾ ಇದೆ. ಹೀಗೇ ಹೋದ್ರೆ ಅರ್ಧ ದಾರೀಲಿ ಒಡೆಯುತ್ತೆ. ಒಬ್ರು ಇಳೀಬೇಕು."

ಅಣ್ಣ ಎದುರುಮನೆಯ ಹೆಂಚು ನೋಡತೊಡಗಿದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡರು. ಭಾವನವರು ನಶ್ಯದ ಡಬ್ಬಿ ತೆಗೆದರು. ಹಿರಿಯರನ್ನು ಇಳಿಯಿರಿ ಎನ್ನುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ.

"ನೀನು ಇನ್ನೊಂದು ಸಲ ಬರುವೆಯಂತೆ" ಎಂದರು ಹಾಲಸ್ವಾಮಿ, ಮುಂದಿನ ಗಾಜನ್ನೇ ನೋಡುತ್ತ.

ಸುವರ್ಣಮ್ಮನ ಒಂದು ಕಾಲು ಇನ್ನೂ ನೆಲದ ಮೇಲೇ ಇತ್ತು. ಇನ್ನೊಂದನ್ನೂ ಕೆಳಗಿಟ್ಟರು. ಡಬ್ಬಿಯನ್ನು ಒಳಗೆ ದಾಟಿಸಿ ಹಿಂದೆ ಸರಿದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ತಡೆದುಕೊಂಡಿದ್ದರು. ಆಮೇಲೆ ಅಳು ಬಂದೇಬಿಟ್ಟಿತು.

ಖಾಜಾ ಪೀರ್ ಹತ್ತಿರ ಬಂದ. "ಬಿಚ್ಚಿದ ಪಟ್ಟಿ ನನ್ ಹತ್ರಾನೇ ಇವೆ ಅಮ್ಮಾ. ವಾಪಸ್ ಹಾಕಿದ್ರೆ ಎಲ್ಲರೂ ಕೂರಬಹುದು. ಆದ್ರೆ ಗಾಡಿ ಮತ್ತೆ ಎತ್ತರ ಆಗುತ್ತೆ" ಎಂದ.

ಸುವರ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಹಾಕಿಬಿಡಪ್ಪ. ಇನ್ನೆರಡು ಹೆಚ್ಚಿಗೇ ಹಾಕು, ಯಾರೂ ಹತ್ತೋಕಾಗಬಾರದು. ಸ್ಟೂಲು ನನ್ ಹತ್ರ ಇದೆ."